ಮೊಸಳೆಗೆ ಹತ್ತಿರದ ನೆಂಟ ಹಲ್ಲಿಯೋ, ಪಾರಿವಾಳವೋ? ಜೀವಿಗಳ ವಂಶವೃಕ್ಷ ಬರೆಯುವ ಬಗೆ

ಮಕ್ಕಳ ವಿಜ್ಞಾನ ಪ್ರದರ್ಶನಕ್ಕೆ ಹೋದರೆ ಜೀವಿಗಳ ವಂಶವೃಕ್ಷದ ಚಾರ್ಟು ಕಾಣಸಿಗುತ್ತದೆ. ಹೆಚ್ಚಿನವುಗಳಲ್ಲಿ ಮೊಸಳೆ ಹಲ್ಲಿಗೆ ಅಂಟಿಕೊಂಡಿರುತ್ತದೆ, ಪಾರಿವಾಳ ಎಲ್ಲೋ ದೂರದ ಕೊಂಬೆಯಲ್ಲಿ. ನೋಡೋಕೆ ಸರಿ ಅನ್ನಿಸುತ್ತದೆ, ಆದರೆ ತಪ್ಪು. ಅಂಗಡಿಯ ರೆಡಿಮೇಡ್ ಚಾರ್ಟಂತೂ ಬೇಡವೇ ಬೇಡ. ಅದರಲ್ಲಿ ಮೀನಿನಿಂದ ಮನುಷ್ಯನವರೆಗೆ ಏಣಿ ಹತ್ತಿಸಿರುತ್ತಾರೆ. ಬಿಳಿ ಹಾಳೆ, ಪೆನ್ಸಿಲ್, ರಬ್ಬರ್ ಇದ್ದರೆ ಸಾಕು.

ಹಂತ 1: ಐದು ಜೀವಿ ಆರಿಸಿ. ನಾವಿಲ್ಲಿ ಇಲಿ, ಬಾವಲಿ, ಹಲ್ಲಿ, ಮೊಸಳೆ, ಪಾರಿವಾಳ ತೆಗೆದುಕೊಳ್ಳೋಣ. ಇಷ್ಟಕ್ಕೇ 105 ಬಗೆಯ ಮರ ಬರೆಯಬಹುದು. ಹತ್ತು ಜೀವಿಗಳಾದರೆ ಲೆಕ್ಕ 3.44 ಕೋಟಿ ದಾಟುತ್ತದೆ. ಅತಿ ಆಸೆ ಬೇಡ.

ಹಂತ 2: ಗುಂಪಿನ ಹೊರಗಿನ ಒಂದು ಜೀವಿಯನ್ನು ಸೇರಿಸಿ. ಇಲ್ಲಿ ಅದು ಕಪ್ಪೆ.

ಹಂತ 3: ಲಕ್ಷಣಗಳ ಪಟ್ಟಿ ಮಾಡಿ. ಎಲ್ಲರೂ ಎಡವುವುದು ಇಲ್ಲೇ. ಸುಮ್ನೆ ಹೋಲಿಕೆ ಎಣಿಸಿ, ಜಾಸ್ತಿ ಹೋಲಿಕೆ ಇದ್ದವರನ್ನು ಜೋಡಿ ಮಾಡಿಬಿಡುತ್ತಾರೆ. ಹೋಲಿಕೆಯಲ್ಲಿ ಹಳೆಯದು, ಹೊಸದು ಅಂತ ಇದೆ. ಊರಿಗೆಲ್ಲ ಒಂದೇ ಅಡ್ಡಹೆಸರಿದ್ದರೆ, ಅದನ್ನು ನೋಡಿ ಅಣ್ಣತಮ್ಮ ಯಾರು ಅಂತ ಹೇಳೋಕಾಗಲ್ಲ ಅಲ್ವಾ? ಗುಂಪಿನ ಒಳಗೆ ಹೊಸದಾಗಿ ಹುಟ್ಟಿದ ಲಕ್ಷಣ ಮಾತ್ರ ಲೆಕ್ಕಕ್ಕೆ ಬರುತ್ತದೆ. ಇದನ್ನು 1950ರಲ್ಲಿ ಗಟ್ಟಿಯಾಗಿ ಹೇಳಿದವರು ಜರ್ಮನಿಯ ಕೀಟ ವಿಜ್ಞಾನಿ ವಿಲ್ಲಿ ಹೆನ್ನಿಗ್.

ಹಳೆಯದು ಯಾವುದು ಅಂತ ತಿಳಿಯಲು ಕಪ್ಪೆಯನ್ನು ನೋಡಿ. ನಾಲ್ಕು ಕಾಲು ಕಪ್ಪೆಗೂ ಇದೆ, ಹೊಡೆದುಹಾಕಿ. ತಣ್ಣನೆ ರಕ್ತವೂ ಕಪ್ಪೆಗಿದೆ, ಅದನ್ನೂ ಹೊಡೆಯಿರಿ. ಮೊಸಳೆಯನ್ನು ಹಲ್ಲಿಗೆ ಅಂಟಿಸಿದ್ದ ಮುಖ್ಯ ಕಾರಣ ಇಲ್ಲಿಗೆ ಹೋಯಿತು.

ಈಗ ಉಳಿದವು. ಕೂದಲು, ಮರಿಗೆ ಹಾಲು: ಇಲಿ, ಬಾವಲಿ. ಹಿಕ್ಕೆಯಲ್ಲಿ ಬಿಳಿ ಯೂರಿಕ್ ಆಮ್ಲ: ಗೋಡೆಯ ಹಲ್ಲಿ ಹಿಕ್ಕೆಯ ಬಿಳಿ ತುದಿ ನೋಡಿ, ಆಮೇಲೆ ಕಿಟಕಿ ಮೇಲಿನ ಪಾರಿವಾಳದ್ದು ನೋಡಿ. ಮೊಸಳೆಯೂ ಇದನ್ನು ಹೊರಹಾಕುತ್ತದೆ. ಹಲ್ಲಿ, ಮೊಸಳೆಗಿರುವಂತೆ ಪಾರಿವಾಳದ ಕಾಲಿನ ಮೇಲೆ ಹುರುಪೆಯೂ ಇದೆ. ಇನ್ನು ಆಹಾರ ಅರೆಯುವ ದಪ್ಪ ಸ್ನಾಯುವಿನ ಹೊಟ್ಟೆ ಮೊಸಳೆ, ಪಾರಿವಾಳ ಎರಡಕ್ಕೂ ಇದೆ, ಹಲ್ಲಿಗಿಲ್ಲ.

ಇನ್ನೊಂದು ಗುಂಡಿ ಇದೆ. ರೆಕ್ಕೆ, ಬಿಸಿ ರಕ್ತ, ನಾಲ್ಕು ಕೋಣೆಯ ಹೃದಯ, ಮೂರೂ ಬಾವಲಿ ಮತ್ತು ಪಾರಿವಾಳಕ್ಕಿವೆ. ಕಪ್ಪೆಗಿಲ್ಲ. ಹಾಗಾದರೆ ಇವೆರಡೂ ಜೋಡಿಯೇ? ರೆಕ್ಕೆಯನ್ನು ಹತ್ತಿರದಿಂದ ನೋಡಿ. ಬಾವಲಿಯ ನಾಲ್ಕು ಬೆರಳು ಉದ್ದಕ್ಕೆ ಚಾಚಿಕೊಂಡಿವೆ, ನಡುವೆ ಚರ್ಮ. ಹೆಬ್ಬೆರಳು ಉಗುರಿನ ಸಮೇತ ಹೊರಗೇ ಇದೆ. ಪಾರಿವಾಳದ ಬೆರಳುಗಳು ಕುಗ್ಗಿ ಬೆಸೆದುಹೋಗಿವೆ, ಹಾರಿಸುವುದು ಗರಿ. ಕೆಲಸ ಒಂದೇ, ಕಟ್ಟೋಣ ಬೇರೆ. ಅಂದರೆ ಎರಡು ಕಡೆ ಬೇರೆ ಬೇರೆಯಾಗಿ ಹುಟ್ಟಿದ್ದು. ಬಿಸಿ ರಕ್ತ, ಹೃದಯದ ಕತೆಯೂ ಅದೇ. ಇಲಿಗೂ ಇವೆರಡೂ ಇವೆ. ನಾಲ್ಕು ಕೋಣೆಯ ಹೃದಯ ಮೊಸಳೆಗೂ ಇದೆ. ಬಾವಲಿ ಸೇರಿಸಿದರೆ ಜೊತೆಗೆ ಇಲಿಯನ್ನೂ ಸೇರಿಸಲೇಬೇಕು ಅನ್ನುವುದು ನನ್ನ ಹಟ, ಕಾರಣ ಇದೇ.

ಹಂತ 4: ಮರ ಬರೆಯಿರಿ. ಲಕ್ಷಣಗಳಲ್ಲಿ ಅತಿ ಕಡಿಮೆ ಬದಲಾವಣೆ ಬೇಡುವ ಮರ ಆರಿಸಿ. ಮೊದಲು ಕಪ್ಪೆ ಕವಲೊಡೆಯುತ್ತದೆ. ಒಂದು ಕಡೆ ಇಲಿ ಮತ್ತು ಬಾವಲಿ. ಇನ್ನೊಂದು ಕಡೆ ಹಲ್ಲಿ, ಅದರಾಚೆ ಮೊಸಳೆ ಮತ್ತು ಪಾರಿವಾಳದ ಜೋಡಿ.

ಹಂತ 5: ಓದುವಾಗ ತುದಿ ನೋಡಬೇಡಿ, ಕವಲು ನೋಡಿ. ಮೊಸಳೆ ಪಾರಿವಾಳದ ಅಜ್ಜ ಅಲ್ಲ. ಇಬ್ಬರಿಗೂ ಸುಮಾರು 25 ಕೋಟಿ ವರ್ಷಗಳ ಹಿಂದೆ ಒಬ್ಬ ಪೂರ್ವಜ ಇದ್ದ, ಅಷ್ಟೇ. ಕವಲಿನ ಎರಡು ಕೊಂಬೆಗಳನ್ನು ಅದಲುಬದಲು ಮಾಡಿದರೂ ಅರ್ಥ ಬದಲಾಗುವುದಿಲ್ಲ.

ಹಂತ 6: ಡಿಎನ್‌ಎ ಜೊತೆ ತಾಳೆ ನೋಡಿ. ಜೆನ್‌ಬ್ಯಾಂಕ್ ಎಂಬ ಆನ್‌ಲೈನ್ ಸಂಗ್ರಹದಲ್ಲಿ ಡಿಎನ್‌ಎ ಅಕ್ಷರಸಾಲುಗಳು ಪುಕ್ಕಟೆ, ಅವುಗಳಿಂದ ಮರ ಕಟ್ಟುವ ಮೆಗಾ ಎಂಬ ಸಾಫ್ಟ್‌ವೇರೂ ಪುಕ್ಕಟೆ. ಎಲ್ಲ ಜೀವಿಗಳದ್ದೂ ಒಂದೇ ಜೀನ್ ಆಗಿರಲಿ. ಸಾಲುಗಳನ್ನು ಅಲೈನ್ ಮಾಡದೆ, ಅಂದರೆ ಹೊಂದುವ ಅಕ್ಷರಗಳು ಒಂದರ ಕೆಳಗೊಂದು ಬರುವಂತೆ ಜೋಡಿಸದೆ, ಬಟನ್ ಒತ್ತಿದರೆ ಕಸ ಬರುತ್ತದೆ. ಒಂದೇ ಕ್ಲಿಕ್ಕಿಗೆ ಬಣ್ಣಬಣ್ಣದ ಮರ ಕೊಡುವ ವೆಬ್‌ಸೈಟುಗಳನ್ನು ನಂಬಬೇಡಿ. ಕವಲಿನ ಪಕ್ಕ ಬೂಟ್‌ಸ್ಟ್ರ್ಯಾಪ್ ಅಂಕಿ ಇದೆಯಾ ನೋಡಿ. ಅಕ್ಷರಗಳನ್ನು ಮತ್ತೆ ಮತ್ತೆ ಹೆಕ್ಕಿ ಮರ ಕಟ್ಟಿದಾಗ, ನೂರಕ್ಕೆ ಎಷ್ಟು ಸಲ ಅದೇ ಕವಲು ಬಂತು ಅಂತ ಅದು ಹೇಳುತ್ತದೆ. 50ಕ್ಕಿಂತ ಕಡಿಮೆ ಇದ್ದರೆ ಆ ಕವಲನ್ನು ಅಳಿಸಿ, ಕೊಂಬೆಗಳೆಲ್ಲ ಒಂದೇ ಬಿಂದುವಿನಿಂದ ಹೊರಡುವ ಹಾಗೆ ಬರೆಯಿರಿ.