ಅಳಿಸಲು ಸಾಧ್ಯವಾದ ಸಾಲುಗಳು: ಒಂದೇ ಯಂತ್ರದಲ್ಲಿ ಉಬುಂಟುವಿನ ನಾಲ್ಕು ಆವೃತ್ತಿಗಳು

ನಿತ್ಯದ ಕೆಲಸಕ್ಕೆ ಬಳಸುವ ನನ್ನ ಡೆಸ್ಕ್‌ಟಾಪ್ ಕಂಪ್ಯೂಟರಿನಲ್ಲಿ 2018ರಿಂದ ಒಂದು ಸಾದಾ ಪಠ್ಯ ಕಡತವನ್ನು ಇಟ್ಟುಕೊಂಡು ಬಂದಿದ್ದೇನೆ. ವ್ಯವಸ್ಥೆ ತಾನಾಗಿ ಮಾಡದ ಕೆಲಸವನ್ನು ನಾನು ಸ್ಕ್ರಿಪ್ಟ್ (ಆದೇಶಗಳ ಪುಟ್ಟ ಕಡತ) ಬರೆದೋ ಹೊರಗಿನ ಪ್ಯಾಕೇಜ್ ಹಾಕಿಯೋ ಮಾಡಿಸಿಕೊಂಡಾಗಲೆಲ್ಲ ಆ ಕಡತಕ್ಕೆ ಒಂದು ಸಾಲು ಸೇರುತ್ತದೆ: ಏನು ಮಾಡಿದೆ, ಏಕೆ ಮಾಡಿದೆ, ಎಂದು ಮಾಡಿದೆ. ಲಿನಕ್ಸ್ ಆಧಾರಿತ ಕಾರ್ಯಾಚರಣಾ ವ್ಯವಸ್ಥೆಯಾದ ಉಬುಂಟುವಿನ 18.04 ಆವೃತ್ತಿ ಹಾಕಿದ ಮೊದಲ ವರ್ಷದ ಕೊನೆಗೆ ಅಂಥ 14 ಸಾಲುಗಳಾಗಿದ್ದವು. ಮುಂದೆ ಅದೇ ಯಂತ್ರಕ್ಕೆ 20.04, 22.04, 24.04 ಹಾಕುತ್ತ ಹೋದಂತೆ, ಇವುಗಳಲ್ಲಿ ಎಷ್ಟನ್ನು ಅಳಿಸಬಹುದು ಎಂಬುದೇ ಹೊಸ ಆವೃತ್ತಿಯ ಸುಧಾರಣೆಗೆ ನನ್ನ ಅಳತೆಗೋಲಾಯಿತು.

ದೀರ್ಘಾವಧಿ ಬೆಂಬಲದ ಆವೃತ್ತಿ ಏಪ್ರಿಲ್‌ನಲ್ಲಿ ಬಂದರೂ, ಹಿಂದಿನ ದೀರ್ಘಾವಧಿ ಆವೃತ್ತಿಯಲ್ಲಿರುವವರಿಗೆ ಅದು ಲಭ್ಯವೆಂಬ ಸೂಚನೆ ಸಾಮಾನ್ಯವಾಗಿ ಮೊದಲ ತಿದ್ದುಪಡಿ ಬಿಡುಗಡೆಯ ಬಳಿಕವೇ ಬರುತ್ತದೆ, 20.04.1, 22.04.1, 24.04.1 ಮೂರೂ ಆಗಸ್ಟ್‌ನಲ್ಲಿ ಬಂದವು. ನಾನು ಅಲ್ಲಿಯವರೆಗೆ ಕಾದು, ಬ್ಯಾಕಪ್ ತೆಗೆದು, ಹೊರಗಿನ ರೆಪೊಸಿಟರಿಗಳನ್ನೆಲ್ಲ (ತಂತ್ರಾಂಶ ಭಂಡಾರಗಳನ್ನು) ಕಿತ್ತುಹಾಕಿ, ಆಮೇಲೆ ಮುಂದುವರಿಯುತ್ತೇನೆ. 20.04ಕ್ಕೆ ಹೋದಾಗ ಉತ್ಸಾಹದಲ್ಲಿ ಐದು ಸಾಲುಗಳನ್ನು ಒಟ್ಟಿಗೆ ತೆಗೆದೆ. ಧ್ವನಿ ಪೂರ್ತಿ ನಿಂತುಹೋಯಿತು, ಯಾವ ಸಾಲಿನಿಂದ ಹಾಗಾಯಿತೆಂದು ಹುಡುಕುವುದರಲ್ಲಿ ಎರಡು ಸಂಜೆಗಳು ಕಳೆದವು. ಅಂದಿನಿಂದ ದಿನಕ್ಕೆ ಒಂದೇ ಸಾಲು ತೆಗೆದು, ಯಂತ್ರವನ್ನು ಮತ್ತೆ ಆರಂಭಿಸಿ, ದಿನವಿಡೀ ಕೆಲಸ ಮಾಡಿ ನೋಡುತ್ತೇನೆ.

20.04ರಲ್ಲಿ ಮೊದಲು ಹೋದದ್ದು ಸುರಕ್ಷಿತ ಖಾಸಗಿ ಜಾಲಸಂಪರ್ಕ (ವಿಪಿಎನ್) ಕಲ್ಪಿಸುವ ವೈರ್‌ಗಾರ್ಡ್‌ನ ಸಾಲು. 18.04ರ 4.15 ಕರ್ನಲ್‌ನಲ್ಲಿ, ಅಂದರೆ ವ್ಯವಸ್ಥೆಯ ತಿರುಳಿನಲ್ಲಿ, ಅದಿರಲಿಲ್ಲವಾದ್ದರಿಂದ ಪ್ರತ್ಯೇಕ ಮಾಡ್ಯೂಲ್ ಹಾಕಿದ್ದೆ. ಕರ್ನಲ್ ನವೀಕರಣವಾದಾಗಲೆಲ್ಲ ಅದನ್ನು ಮರುಸಂಕಲಿಸಬೇಕಾಗುತ್ತಿತ್ತು. ವೈರ್‌ಗಾರ್ಡ್ ಮೂಲ ಲಿನಕ್ಸ್ ಕರ್ನಲ್‌ಗೆ ಸೇರಿದ್ದು 5.6ರಲ್ಲಿ, ಆದರೆ ಉಬುಂಟು ಅದನ್ನು 20.04ರ 5.4 ಕರ್ನಲ್‌ಗೂ ತಂದಿತು. ಪರದೆಯ ಮೇಲೆ ಯಾವ ಗುರುತೂ ಇಲ್ಲದ ಈ ಬದಲಾವಣೆಯನ್ನು ನಾನು ಹೊಸ ಐಕಾನ್‌ಗಳಿಗಿಂತ ಬಹಳ ಮೇಲಿಡುತ್ತೇನೆ.

22.04ರಲ್ಲಿ ಮಾನಿಟರ್‌ಗಳ ಸಾಲು ಹೋಯಿತು. ಪಿಕ್ಸೆಲ್ ಸಾಂದ್ರತೆ ಬೇರೆ ಬೇರೆಯಾದ ಎರಡು ಮಾನಿಟರ್‌ಗಳಲ್ಲಿ ಅಕ್ಷರಗಳು ಒಂದೇ ಗಾತ್ರದಲ್ಲಿ ಕಾಣಲೆಂದು ಲಾಗಿನ್ ಆದಾಗ ಓಡುವ ಒಂದು ಸ್ಕ್ರಿಪ್ಟ್ ಬರೆದಿದ್ದೆ. ಆ ಆವೃತ್ತಿಯಿಂದ ನನ್ನ ಇಂಟೆಲ್ ಗ್ರಾಫಿಕ್ಸ್ ಯಂತ್ರದಲ್ಲಿ ಪರದೆಯ ಮೇಲೆ ಕಿಟಕಿಗಳನ್ನು ಮೂಡಿಸುವ ಹೊಸ ವ್ಯವಸ್ಥೆಯಾದ ವೇಲ್ಯಾಂಡ್ ತಾನಾಗಿ ಆಯ್ಕೆಯಾಯಿತು, ಪ್ರತಿ ಮಾನಿಟರಿಗೂ ಅದರದೇ ಅಳತೆಯನ್ನು ಸೆಟ್ಟಿಂಗ್‌ನಲ್ಲೇ ಕೊಡಲು ಸಾಧ್ಯವಾಯಿತು. ಪುಟವನ್ನು ಸರಿಸುವಾಗ ಚಿತ್ರ ಅಡ್ಡಡ್ಡ ಸೀಳಿದಂತೆ ಕಾಣುವುದೂ ನಿಂತಿತು.

ಎಲ್ಲಕ್ಕಿಂತ ಹೆಚ್ಚು ಕಾದದ್ದು ಧ್ವನಿಗಾಗಿ. ಬ್ಲೂಟೂತ್ ಹೆಡ್‌ಸೆಟ್ ಸಂಗೀತಕ್ಕೆ ಒಂದು ಪ್ರೊಫೈಲ್‌ನಲ್ಲಿ (ಬಳಕೆಯ ವಿಧಾನದಲ್ಲಿ), ಮೈಕ್‌ಗೆ ಇನ್ನೊಂದರಲ್ಲಿ ಕೆಲಸ ಮಾಡುತ್ತದೆ, 20.04ರವರೆಗೂ ನಾನು ಮೈಕ್ ತೆರೆದರೆ ಧ್ವನಿ 8 ಕಿಲೋಹರ್ಟ್ಸ್ ದರಕ್ಕೆ ಕುಸಿದು, ಎದುರಿನವರ ಮಾತು ಡಬ್ಬಿಯೊಳಗಿಂದ ಬಂದಂತೆ ಕೇಳುತ್ತಿತ್ತು. 22.04ರಲ್ಲಿದ್ದ, ಧ್ವನಿಯನ್ನು ನಿರ್ವಹಿಸುವ ಪಲ್ಸ್‌ಆಡಿಯೋ ತಂತ್ರಾಂಶ 16 ಕಿಲೋಹರ್ಟ್ಸ್‌ನ ಎಂಎಸ್‌ಬಿಸಿ ಎಂಬ ಧ್ವನಿ ಸಂಕೇತ ವಿಧಾನವನ್ನು ಬೆಂಬಲಿಸಿದ್ದರಿಂದ ಮಾತು ಸ್ಪಷ್ಟವಾಯಿತು, ಆದರೆ ಪ್ರೊಫೈಲ್ ಬದಲಿಸಲು ಕೀಲಿಯೊಂದಕ್ಕೆ ಕಟ್ಟಿದ್ದ ಸ್ಕ್ರಿಪ್ಟ್ ಹಾಗೆಯೇ ಉಳಿಯಿತು. 24.04ರಲ್ಲಿ ಪಲ್ಸ್‌ಆಡಿಯೋ ಸ್ಥಾನಕ್ಕೆ ಪೈಪ್‌ವೈರ್ ಬಂದಿತ್ತು. ತಂತ್ರಾಂಶ ಮೈಕ್ ತೆರೆದಾಗ ಪ್ರೊಫೈಲ್ ತಾನೇ ಬದಲಾಗಿ, ಮುಚ್ಚಿದಾಗ ಮರಳುವುದನ್ನು ನಾನು ಮೂರು ನಾಲ್ಕು ಸಲ ಪರೀಕ್ಷಿಸಿದ ಮೇಲೆಯೇ, ಆರು ವರ್ಷ ಹಳೆಯದಾದ ಆ ಸಾಲನ್ನು ಸಂತೋಷದಿಂದ ಅಳಿಸಿದೆ.

ಉಬುಂಟುವಿನ ಡೆಸ್ಕ್‌ಟಾಪ್ ಪರಿಸರವಾದ ಗ್ನೋಮ್ 3.28ರಿಂದ 46ರವರೆಗೆ ಹೊರನೋಟ ಸಾಕಷ್ಟು ಬದಲಾಗಿದೆ, ಅದು ಒಂದೆರಡು ವಾರಗಳಲ್ಲಿ ರೂಢಿಯಾಗುತ್ತದೆ. ಸಾಲು ಸೇರಿಸಿದ ಸುಧಾರಣೆಯೂ ಒಂದಿದೆ: 24.04ರಲ್ಲಿ ವ್ಯವಸ್ಥೆಯ ಪೈಥಾನ್ ಭಾಷೆಗೆ ಅದರ ಪ್ಯಾಕೇಜ್ ಹಾಕುವ ಉಪಕರಣವಾದ ಪಿಪ್ ಮೂಲಕ ನೇರವಾಗಿ ಪ್ಯಾಕೇಜ್ ಹಾಕಲು ಹೋದರೆ ಅದು ನಿರಾಕರಿಸುತ್ತದೆ, ಪ್ರತ್ಯೇಕ ಪರಿಸರ ಮಾಡಿಕೊಳ್ಳಬೇಕು. ಮೊದಲ ದಿನ ನನ್ನ ಮೂರು ಸ್ಕ್ರಿಪ್ಟ್‌ಗಳು ನಿಂತವು. ಹಾಗಿದ್ದರೂ ಇದು ಸರಿಯಾದ ನಿರ್ಧಾರ, ಏಕೆಂದರೆ ಹಿಂದೆ ನಾನೇ ಹೀಗೆ ಹಾಕಿದ ಪ್ಯಾಕೇಜ್‌ವೊಂದು ವ್ಯವಸ್ಥೆಯ ಉಪಕರಣವನ್ನೇ ಕೆಡಿಸಿತ್ತು.

ಈಗ ಕಡತದಲ್ಲಿ 4 ಸಾಲುಗಳಿವೆ. ಒಂದು ಪೈಥಾನ್‌ನದು, ಎರಡು ನನ್ನ ಕೀಲಿಮಣೆಯ ವಿನ್ಯಾಸಕ್ಕೆ ಸೇರಿದವು, ಮತ್ತೊಂದು ಹಳೆಯ ಸ್ಕ್ಯಾನರ್‌ನ ಡ್ರೈವರ್. ಅದನ್ನು ಮೂರು ಆವೃತ್ತಿಗಳಲ್ಲೂ ತೆಗೆದು ನೋಡಿ ಮತ್ತೆ ಬರೆದಿದ್ದೇನೆ.