ಅಣಕು ಸಂಸತ್ತಿಗೆ ನಿಜವಾದ ದುಡ್ಡು ಕೊಟ್ಟೆ

ಶಿರಸಿಯಲ್ಲಿ ಪಿಯುಸಿ ಮಕ್ಕಳಿಗೆ ರಾಜ್ಯಶಾಸ್ತ್ರ ಕಲಿಸುತ್ತೇನೆ. ಮಕ್ಕಳೇ ಮಂತ್ರಿಗಳು, ವಿರೋಧ ಪಕ್ಷ ಅಂತ ಆಗಿ ಸದನ ನಡೆಸುವ ಅಣಕು ಸಂಸತ್ತನ್ನು ಶಿಕ್ಷಕರಾದ ನೀವೆಲ್ಲ ಮಾಡಿಸಿದವರೇ, ಹಾಗಾಗಿ ನೇರ ವಿಷಯಕ್ಕೆ ಬರುತ್ತೇನೆ.

ಮೊದಲ ಎರಡು ವರ್ಷ ಸೋತೆ. ಕೋಟು, ಮೈಕು, ಶಾಮಿಯಾನ ಅಂತ ಹತ್ತಿರ ಹತ್ತಿರ 4,000 ರೂಪಾಯಿ ಹೋಯಿತು. ಅರ್ಧ ನನ್ನ ಕೈಯಿಂದ. ಮಕ್ಕಳು ಟಿವಿಯಲ್ಲಿ ಕಂಡ ಹಾಗೆ ಸದನದ ಬಾವಿಗೆ, ಅಂದರೆ ಸ್ಪೀಕರ್ ಪೀಠದ ಮುಂದಿನ ಜಾಗಕ್ಕೆ ನುಗ್ಗಿ ಕೂಗಿದರು. ಮರುವರ್ಷ ಭಾಷಣಗಳನ್ನು ನಾನೇ ಬರೆದುಕೊಟ್ಟೆ. ಗಿಳಿಪಾಠ ಆಯಿತು.

ದಾರಿ ಹೊಳೆದದ್ದು ಶ್ರೀಲಂಕಾದ ಬಗ್ಗೆ ಪಾಠ ಮಾಡುವಾಗ. 2018ರಲ್ಲಿ ಅಲ್ಲಿ ಇಬ್ಬರು, ಪ್ರಧಾನಿ ನಾನೇ ಅನ್ನುತ್ತಿದ್ದರು. ಸದನದೊಳಗೆ ಸಂಸದರು ಖಾರದಪುಡಿ ಎರಚಿದರು. ಅಂಥದ್ದರಲ್ಲೂ ಸಂಸತ್ತು ಅವಿಶ್ವಾಸ ನಿರ್ಣಯ ಮಾಡಿತು, ಆಮೇಲೆ ಪ್ರಧಾನಿ ಕಚೇರಿಯ ಖರ್ಚನ್ನೇ ತಡೆಯಲು ಹೊರಟಿತು. ಅಧ್ಯಕ್ಷರು ಸಂಸತ್ತು ವಿಸರ್ಜಿಸಿದ್ದು ತಪ್ಪು ಅಂತ ಡಿಸೆಂಬರ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟೂ ಹೇಳಿತು. ದುಡ್ಡಿನ ಚೀಲ ಕೈಯಲ್ಲಿದ್ದ ಸದನ ಅಲ್ಲಾಡುತ್ತಿದ್ದ ದೇಶಕ್ಕೆ ಊರುಗೋಲಾಯಿತು. ನಮ್ಮ ಮಕ್ಕಳ ಸದನಕ್ಕೆ ಚೀಲವೇ ಇರಲಿಲ್ಲ, ಅಲ್ವಾ?

ತರಗತಿಯ ವಂತಿಗೆ ಸುಮಾರು 1,800 ರೂಪಾಯಿಯನ್ನು ತಗಡಿನ ಡಬ್ಬಿಗೆ ಹಾಕಿ ಬೀಗ ಹಾಕಿದೆ. ಸದನ ಒಪ್ಪದೆ ಒಂದು ರೂಪಾಯಿಯನ್ನೂ ತೆಗೆಯುವ ಹಾಗಿಲ್ಲ. "ಮಕ್ಕಳ ಕೈಗೆ ದುಡ್ಡು ಕೊಟ್ಟು ಕೆಡಿಸ್ತೀರಿ" ಅಂದರು ಜೊತೆಯವರು. ಎರಡನೇ ವಾರದಲ್ಲೇ ಮಂತ್ರಿಮಂಡಲ ಯಾರನ್ನೂ ಕೇಳದೆ 300 ರೂಪಾಯಿಯ ತೊಡದೇವು ತಂದು ತಿಂದಿತು! ಡಬ್ಬಿ ವಾಪಸ್ ತೆಗೆದುಕೊಳ್ಳೋಣ ಅನ್ನಿಸಿದ್ದು ನಿಜ. ತಡೆದುಕೊಂಡೆ.

ಬದಲಿಗೆ ಸರ್ಕಾರದ ಖರ್ಚಿನ ಲೆಕ್ಕ ನೋಡುವ ಲೆಕ್ಕಪತ್ರ ಸಮಿತಿಯ ಅಧ್ಯಕ್ಷತೆಯನ್ನು ವಿರೋಧ ಪಕ್ಷಕ್ಕೆ ಕೊಟ್ಟೆ. ದೆಹಲಿಯ ಸಂಸತ್ತಿನಲ್ಲಿ 1967ರಿಂದ ಅದೇ ರೂಢಿ. ಅಡಿಕೆ ಸೊಸೈಟಿಯ ವಾರ್ಷಿಕ ಸಭೆಗೆ ಅಪ್ಪನ ಜೊತೆ ಹೋಗಿ ಬಂದಿದ್ದ ಹುಡುಗಿಯೊಬ್ಬಳು ಅಧ್ಯಕ್ಷೆ. ಮೊದಲ ಪ್ರಶ್ನೆಯೇ "ರಶೀದಿ ಎಲ್ಲಿ?" ಮಂತ್ರಿಗಳು ಎರಡು ಕಂತಿನಲ್ಲಿ ದುಡ್ಡು ತುಂಬಿದರು. ಅವತ್ತಿನಿಂದ ಕೂಗಾಟ ನಿಂತಿತು. ನಲವತ್ತರಲ್ಲಿ ಆರೇಳು ಜನ ಮಾತಾಡುತ್ತಿದ್ದವರು ಇಪ್ಪತ್ತೈದರ ಹತ್ತಿರ ಆದರು. ಇಂಥ ಬದಲಾವಣೆ ನಾನು ಬೇರೆಲ್ಲೂ ಕಂಡಿಲ್ಲ, ಹೆಮ್ಮೆಯಿಂದಲೇ ಹೇಳುತ್ತೇನೆ.

ನಡುವೆ ಚೀಟಿ ಹಾಕುವ ಗುಟ್ಟಿನ ಮತದಾನವನ್ನೂ ಮಾಡಿ ನೋಡಿದೆ. ಯಾಕೆ ಹಾಗೆ ಮತ ಹಾಕಿದೆ ಅಂತ ಯಾರೂ ಹೇಳಬೇಕಾಗಿರಲಿಲ್ಲ. ಚರ್ಚೆ ಸಪ್ಪೆ ಆಯಿತು. ಮತ್ತೆ ಕೈ ಎತ್ತುವುದಕ್ಕೇ ಬಂದೆ.

ಡಬ್ಬಿಯ ಕೀಲಿ ಇಷ್ಟು ದಿನ ನನ್ನ ಹತ್ತಿರ ಇತ್ತು. ಅದೂ ಸದನದ್ದೇ ಅಂತ ಈ ವರ್ಷ ಮಕ್ಕಳು ನಿರ್ಣಯ ಮಾಡಿದರು. ಕೊಟ್ಟಿದ್ದೇನೆ.