ಫೈರ್‌ವಾಲ್ ನಿಯಮಗಳನ್ನು ಪೈಥಾನ್‌ಗೆ ಒಪ್ಪಿಸಿದ್ದು

ಮಂಡ್ಯ ಸೀಮೆಯ ಒಂದು ಸಕ್ಕರೆ ಕಾರ್ಖಾನೆಯ ಕಂಪ್ಯೂಟರ್ ಜಾಲ ನೋಡಿಕೊಳ್ಳುವುದು ನನ್ನ ಕೆಲಸ. ಮನೆ ಮೈಸೂರಿನ ಕುವೆಂಪುನಗರದಲ್ಲಿ. ಕೆಲವು ವರ್ಷಗಳ ಹಿಂದೆ, ಕಬ್ಬು ಅರೆಯುವ ಹಂಗಾಮಿನ ನಡುವೆ, ಒಂದು ರಾತ್ರಿ ಮನೆಯಿಂದಲೇ ಎಸ್‌ಎಸ್‌ಎಚ್ (ದೂರದ ಕಂಪ್ಯೂಟರಿಗೆ ಲಾಗಿನ್ ಆಗುವ ದಾರಿ) ಹಿಡಿದು, ಅಲ್ಲಿಯ ಜಾಲದ ಸಂಪರ್ಕಗಳು ಹಾದುಹೋಗುವ ಗೇಟ್‌ವೇ ಸರ್ವರಿನ ಫೈರ್‌ವಾಲ್, ಅಂದರೆ ಯಾವ ಸಂಪರ್ಕ ಬಿಡಬೇಕು ಯಾವುದನ್ನು ತಡೆಯಬೇಕು ಎಂಬ ನಿಯಮಗಳನ್ನು, ಬದಲಿಸಲು ಕೂತೆ. ಆಗ ಇದ್ದದ್ದು ಐಪಿಟೇಬಲ್ಸ್ ಎಂಬ ಲಿನಕ್ಸ್ ಫೈರ್‌ವಾಲ್ ಸಾಧನ ಮತ್ತು ಅದಕ್ಕೆ ಆಜ್ಞೆಗಳನ್ನು ಸಾಲಾಗಿ ಕೊಡುವ ಒಂದು ಶೆಲ್ ಸ್ಕ್ರಿಪ್ಟ್. ಮೊದಲು ಎಲ್ಲವನ್ನೂ ತಡೆ, ಆಮೇಲೆ ಹಳೆಯ ನಿಯಮ ಅಳಿಸು, ಆಮೇಲೆ ಹೊಸವನ್ನು ಒಂದೊಂದಾಗಿ ಸೇರಿಸು, ಇದು ಅದರ ಕ್ರಮ. ಸೇರಿಸುವ ಮೊದಲ ಸಾಲಿನಲ್ಲೇ 192.168.10.250 ಬದಲು 192.168.10.256 ಎಂದು ಬರೆದಿದ್ದೆ; ವಿಳಾಸದ ಯಾವ ಅಂಕಿಯೂ 255 ದಾಟುವಂತಿಲ್ಲ. ತಪ್ಪು ಸಿಕ್ಕರೆ ಅಲ್ಲೇ ನಿಲ್ಲು ಎಂದು ಸ್ಕ್ರಿಪ್ಟಿಗೆ ಹೇಳಿದ್ದವನೂ ನಾನೇ. ಅದು ನಿಂತಿತು, ಎಲ್ಲ ಬಾಗಿಲೂ ಮುಚ್ಚಿದ ಸ್ಥಿತಿಯಲ್ಲಿ.

ಹತ್ತು ನಿಮಿಷಕ್ಕೆ ಕಬ್ಬಿನ ಗಾಡಿ ತೂಗುವ ವೇಬ್ರಿಡ್ಜ್‌ನಿಂದ ಫೋನ್. "ಸಾ, ಸಿಸ್ಟಂ ಸರ್ವರ್ನ ಹಿಡೀತಾ ಇಲ್ಲ. ಗಾಡಿಗಳೆಲ್ಲ ಗೇಟ್‌ತಾವ ನಿಂತ್ಬುಟ್ಟವೆ." ಕಡಿದ ಕಬ್ಬು ಕಾದಷ್ಟೂ ಒಣಗುತ್ತದೆ, ತೂಕ ಇಳಿಯುತ್ತದೆ, ನಷ್ಟ ಬೆಳೆದವನಿಗೆ. ಶ್ರೀರಂಗಪಟ್ಟಣ ದಾಟಿ ಕಾರ್ಖಾನೆ ಮುಟ್ಟಿ, ಸರ್ವರಿಗೆ ಕೀಬೋರ್ಡ್ ಸಿಕ್ಕಿಸಿ ಸರಿಮಾಡುವಾಗ ಎರಡು ಗಂಟೆ ಕಳೆದಿತ್ತು. ಸಾಲುಗಟ್ಟಿದ್ದ ಎತ್ತಿನ ಗಾಡಿಗಳ ಪಕ್ಕದಲ್ಲಿ ನಡೆದು ಒಳಗೆ ಹೋದದ್ದು ಇನ್ನೂ ಕಣ್ಣ ಮುಂದಿದೆ.

ಆ ಹಂಗಾಮು ಮುಗಿದ ಮೇಲೆ, ಐಪಿಟೇಬಲ್ಸ್ ಜಾಗಕ್ಕೆ ಬಂದ ಎನ್‌ಎಫ್‌ಟೇಬಲ್ಸ್‌ಗೆ ಬದಲಾದೆ. 2014ರ ಜನವರಿಯಲ್ಲಿ ಬಂದ ಲಿನಕ್ಸ್ ಕರ್ನಲ್ 3.13ರಿಂದಲೂ ಅದು ಇದೆ. ನನಗೆ ಬೇಕಾಗಿದ್ದ ಗುಣ ಒಂದೇ: ಕಡತದಲ್ಲಿ ಬರೆದ ನಿಯಮಗಳೆಲ್ಲ ಒಟ್ಟಿಗೇ ಜಾರಿಗೆ ಬರುತ್ತವೆ; ಒಂದು ಸಾಲು ತಪ್ಪಿದರೂ ಯಾವುದೂ ಬರುವುದಿಲ್ಲ, ಹಳೆಯದೇ ಮುಂದುವರಿಯುತ್ತದೆ. ಅರ್ಧಕ್ಕೆ ನಿಲ್ಲುವ ಮಾತೇ ಇಲ್ಲ.

ಆ ಕಡತವನ್ನು ನಾನು ಕೈಯಲ್ಲಿ ಬರೆಯುವುದಿಲ್ಲ. ಒಂದು ಸಿಎಸ್‌ವಿ (ಅಲ್ಪವಿರಾಮದಿಂದ ಅಂಕಣ ಬೇರ್ಪಡಿಸಿದ ಕಡತ) ಪಟ್ಟಿ ಇದೆ: ಎಲ್ಲಿಂದ, ಎಲ್ಲಿಗೆ, ಯಾವ ಪೋರ್ಟ್ (ಪ್ರತಿ ಸೇವೆಗೂ ಇರುವ ಬಾಗಿಲ ಸಂಖ್ಯೆ), ಕೇಳಿದವರು ಯಾರು, ಯಾಕೆ, ಎಲ್ಲಿಯವರೆಗೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಸ್ಕ್ರಿಪ್ಟ್ ಅದನ್ನು ಓದಿ ನಿಯಮ ಹೊಸೆಯುತ್ತದೆ. ಪೈಥಾನ್ ಜೊತೆಗೇ ಬರುವ ಐಪಿಅಡ್ರೆಸ್ ಮಾಡ್ಯೂಲ್‌ಗೆ 256 ಕೊಟ್ಟರೆ ಅಲ್ಲೇ ತಿರಸ್ಕರಿಸುತ್ತದೆ. 192.168.10.5/24 ಎಂದು ಜಾಲದ ಜಾಗದಲ್ಲಿ ಒಂದು ಯಂತ್ರದ ವಿಳಾಸ ಬರೆದರೂ ಒಪ್ಪುವುದಿಲ್ಲ; ಇಡೀ ಜಾಲವೆಂದರೆ 192.168.10.0/24 ಎಂದೇ ಬರೆಯಬೇಕು.

ಕೊನೆಯ ಮೂರು ಅಂಕಣಗಳು ನನಗೆ ಉಳಿದವಕ್ಕಿಂತ ಮುಖ್ಯ. ನಮ್ಮೂರಲ್ಲಿ ನೀರುಗಂಟಿಗೆ ಯಾವ ತೂಬು ಯಾರ ಸರದಿಗೆ ತೆರೆದಿದೆ, ಯಾವಾಗ ಮುಚ್ಚಬೇಕು ಎಂಬುದು ಬಾಯಿಪಾಠ. ಫೈರ್‌ವಾಲ್‌ನಲ್ಲಿ ಹಾಗೆ ನೆನಪಿಟ್ಟವರು ಯಾರೂ ಇರಲಿಲ್ಲ. ಲೆಕ್ಕಪರಿಶೋಧಕರಿಗೆಂದು ಮೂರು ದಿನಕ್ಕೆ ತೆರೆದ 3389 ಪೋರ್ಟ್ (ವಿಂಡೋಸ್ ಕಂಪ್ಯೂಟರನ್ನು ದೂರದಿಂದ ಬಳಸುವ ಬಾಗಿಲು) ವರ್ಷಗಟ್ಟಲೆ ತೆರೆದೇ ಇತ್ತು. ಈಗ ಗಡುವು ದಾಟಿದ ಸಾಲನ್ನು ಸ್ಕ್ರಿಪ್ಟ್ ಕೈಬಿಡುತ್ತದೆ, ವಾರ ಮೊದಲೇ ಕೇಳಿದವರಿಗೆ ಮೇಲ್ ಹೋಗುತ್ತದೆ. ಕಾರಣ ಬರೆಯದ ಸಾಲನ್ನು ಅದು ಓದುವುದೇ ಇಲ್ಲ.

ಜಾರಿ ಮಾಡುವ ಹಂತದಲ್ಲಿ ಎಡವಿ ಕಲಿತದ್ದು ಹೆಚ್ಚು. ಮೊದಮೊದಲು ಕಡತದ ತಲೆಯಲ್ಲಿ ಎಲ್ಲ ನಿಯಮವನ್ನೂ ಅಳಿಸು ಎಂದು ಬರೆಯುತ್ತಿದ್ದೆ. ಅದರಿಂದ, ತಂತ್ರಾಂಶಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಡಬ್ಬಿಗಳಲ್ಲಿ ನಡೆಸುವ ಡಾಕರ್ ತನಗಾಗಿ ಹಾಕಿಕೊಂಡಿದ್ದ ನಿಯಮಗಳೂ ಹೋಗಿ ಆ ಕಂಟೇನರ್‌ಗಳ ಸಂಪರ್ಕ ಕಡಿದುಹೋಯಿತು. ಈಗ ನನ್ನದೇ ಹೆಸರಿನ ಒಂದು ಟೇಬಲ್ (ನಿಯಮಗಳ ಗುಂಪು) ಮಾತ್ರ ಮುಟ್ಟುತ್ತೇನೆ: ಘೋಷಿಸು, ಅಳಿಸು, ಮತ್ತೆ ಕಟ್ಟು. ಮೊದಲು ಘೋಷಿಸುವುದು ಯಾಕೆಂದರೆ, ಇಲ್ಲದ ಟೇಬಲ್ ಅಳಿಸಹೋದರೆ ಇಡೀ ಕಡತವೇ ಬಿದ್ದುಹೋಗುತ್ತದೆ. ಹಳೆಯ ಸ್ಥಿತಿಯನ್ನು ಕಡತದಲ್ಲಿ ಉಳಿಸಿಕೊಳ್ಳುವಾಗಲೂ ಘೋಷಿಸು, ಅಳಿಸು ಎಂಬ ಇವೇ ಎರಡು ಸಾಲು ಮೇಲೆ ಸೇರಿಸಬೇಕು. ಇಲ್ಲದಿದ್ದರೆ ಮರಳಿ ಹಾಕಿದ ನಿಯಮ ಹೊಸದರ ಜಾಗಕ್ಕೆ ಬರುವುದಿಲ್ಲ, ಅದರ ಕೆಳಗೆ ಹೋಗಿ ಕೂರುತ್ತದೆ.

ಹೊಸದನ್ನು ಹಾಕುವ ಮುಂಚೆಯೇ ಎರಡು ನಿಮಿಷದ ಗಡುವಿಟ್ಟು, ಹಳೆಯದನ್ನು ಮರಳಿ ಹಾಕುವ ಕೆಲಸವನ್ನು ಸಿಸ್ಟಂ-ಡಿಗೆ (ಲಿನಕ್ಸ್‌ನಲ್ಲಿ ಸೇವೆಗಳನ್ನೂ ಸಮಯಕ್ಕೆ ನಡೆಯಬೇಕಾದ ಕೆಲಸಗಳನ್ನೂ ನೋಡಿಕೊಳ್ಳುವ ತಂತ್ರಾಂಶ) ವಹಿಸುತ್ತೇನೆ. ಅಷ್ಟರೊಳಗೆ ನಾನು ಖಾತ್ರಿ ಕೊಡದಿದ್ದರೆ ಎಲ್ಲ ಮೊದಲಿನಂತಾಗುತ್ತದೆ. ಖಾತ್ರಿಯನ್ನು ಈಗಾಗಲೇ ತೆರೆದಿರುವ ಎಸ್‌ಎಸ್‌ಎಚ್ ಕಿಟಕಿಯಿಂದ ಕೊಡಲೇಬಾರದು. ಸ್ಥಾಪಿತ ಸಂಪರ್ಕಗಳನ್ನು ಬಿಡು ಎಂಬ ನಿಯಮದ ದಯೆಯಿಂದ ಹಳೆಯ ಕಿಟಕಿ ಬದುಕಿರುತ್ತದೆ. ಹೊಸ ಸಂಪರ್ಕಗಳಿಗೆ ಎಸ್‌ಎಸ್‌ಎಚ್‌ನ 22ನೇ ಪೋರ್ಟ್ ಮುಚ್ಚಿದ್ದರೂ ಗೊತ್ತೇ ಆಗುವುದಿಲ್ಲ. ಹೊಸದಾಗಿ ಲಾಗಿನ್ ಆಗಿ ಅಲ್ಲಿಂದಲೇ ಖಾತ್ರಿ ಕೊಡುತ್ತೇನೆ.

ಪ್ರತಿ ನಿಯಮಕ್ಕೂ, ಅದಕ್ಕೆ ಹೊಂದಿದ ಪ್ಯಾಕೆಟ್‌ಗಳನ್ನು (ಜಾಲದಲ್ಲಿ ಓಡಾಡುವ ಮಾಹಿತಿಯ ತುಣುಕು) ಎಣಿಸುವ ಒಂದು ಕೌಂಟರ್ ಇದೆ. ಟೇಬಲ್ ಮತ್ತೆ ಕಟ್ಟಿದಾಗ ಅದು ಸೊನ್ನೆಗೆ ಇಳಿಯುವುದರಿಂದ ಮೊದಲೇ ಬರೆದಿಡುತ್ತೇನೆ. ಬಹುಕಾಲ ಸೊನ್ನೆಯಲ್ಲೇ ಇದ್ದ ನಿಯಮಗಳನ್ನು ತೆಗೆಯಲು ಕೂತಾಗ ಪಟ್ಟಿಯಲ್ಲಿ ವೇಬ್ರಿಡ್ಜ್‌ನದೂ ಇತ್ತು! ಅರೆಯುವುದು ನಿಂತ ತಿಂಗಳುಗಳಲ್ಲಿ ಅಲ್ಲಿ ಒಂದು ಪ್ಯಾಕೆಟ್ಟೂ ಓಡಾಡಿರಲಿಲ್ಲ. "ಯಾಕೆ" ಅಂಕಣ ಓದದಿದ್ದರೆ ಅಳಿಸಿಬಿಡುತ್ತಿದ್ದೆ. ಈಗ ಸೊನ್ನೆ ಕಂಡರೆ ಕೇಳಿದವರಿಗೇ ಫೋನ್ ಮಾಡುತ್ತೇನೆ.

ಪಟ್ಟಿ, ಬದಲಾವಣೆಗಳ ಇತಿಹಾಸ ಇಡುವ ಗಿಟ್‌ನಲ್ಲಿದೆ. ವಿಳಾಸದ ಅಂಕಣಗಳು ಸದ್ಯಕ್ಕೆ ಮೇಲಿನಂಥ ನಾಲ್ಕು ಅಂಕಿಯ ಐಪಿವಿ4 ವಿಳಾಸ ಮಾತ್ರ ಒಪ್ಪುತ್ತವೆ. ಇನ್ನೂ ಉದ್ದದ ಹೊಸ ಬಗೆಯ ವಿಳಾಸಗಳ, ಅಂದರೆ ಐಪಿವಿ6, ಭಾಗವನ್ನು ಮುಂದಿನ ಹಂಗಾಮು ಶುರುವಾಗುವ ಮೊದಲು ಮುಗಿಸಬೇಕು, ಗಾಡಿಗಳು ಬರತೊಡಗಿದ ಮೇಲೆ ನಾನು ಆ ಸರ್ವರಿನಲ್ಲಿ ಹೊಸ ಪ್ರಯೋಗ ಮಾಡುವುದಿಲ್ಲ.